ಹೊಸತೊಡಕಿಗೆ ಗುಂಡನನ್ನೂ ಕರೆದುಕೊಂಡು ಬಾ, ಮಗಳೇ

ಪ್ರೀತಿಯ ಮಗಳೇ,

ಹಬ್ಬಕ್ಕೆ ಬರುವಾಗ ನಿನ್ನ ನಾಯಿ ಗುಂಡನನ್ನು ಬೆಂಗಳೂರಿನಲ್ಲೇ ಯಾರ ಹತ್ತಿರವಾದರೂ ಬಿಟ್ಟು ಬರ್ತೀನಿ ಅಂದೆಯಂತೆ, ನಿನ್ನಮ್ಮ ಹೇಳಿದಳು. ಹೋದ ಸಲ ಅವನು ಎಲೆಗೆ ಮೂತಿ ಹಾಕಿದ್ದು, ದೊಡ್ಡಮ್ಮ ಅರ್ಧಕ್ಕೇ ಎದ್ದು ಹೋಗಿದ್ದು ನಿನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಬಿಟ್ಟು ಬರಬೇಡ. ಯುಗಾದಿಗೂ ಮಾರನೇ ದಿನದ ಹೊಸತೊಡಕಿಗೂ ಅವನು ಇಲ್ಲೇ ಇರಲಿ. ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಊಟದ ಹೊತ್ತಿನಲ್ಲಿ ನಾಯಿ ಹೇಗಿರುತ್ತದೆ ಅನ್ನುವುದು ಉಣ್ಣಲು ಕೂತವರ ಕೈಯಲ್ಲಿದೆ ಅಂತ ಖಚಿತವಾಗಿ ಹೇಳಬಲ್ಲೆ.

ತಾತ ಊಟಕ್ಕೆ ಕೂತಾಗ ಒಮ್ಮೆ ಗಮನಿಸಿ ನೋಡು. ಗುಂಡ ಅವರ ಮಂಡಿಯ ಮೇಲೆ ಗದ್ದ ಊರಿರುತ್ತಾನೆ. ಕೈ ತಟ್ಟೆಗೆ ಹೋದರೆ ಕಣ್ಣು ತಟ್ಟೆಗೆ, ಕೈ ಬಾಯಿಗೆ ಹೋದರೆ ಕಣ್ಣು ಬಾಯಿಗೆ. ಜೊಲ್ಲು ಎಳೆಯಾಗಿ ಪಂಚೆಯ ಮೇಲೆ ಇಳಿಯುತ್ತದೆ. ತಾತ ಎರಡು ಸಲ "ಹೋಗೋ ಆಚೆ" ಅಂತಾರೆ. ಮೂರನೇ ಸಲ ಮುದ್ದೆಯನ್ನು ಸಾರಿನಲ್ಲಿ ಅದ್ದಿ, ಯಾರಿಗೂ ಕಾಣದ ಹಾಗೆ ಕೆಳಗೆ ಜಾರಿಸುತ್ತಾರೆ. ಗುಂಡ ಅದನ್ನು ತಾತನ ಹಾಗೇ ಅಗಿಯದೆ ನುಂಗುತ್ತಾನೆ. ಅಲ್ಲಿಗೆ ಪಾಠವಾಯಿತು: ಬೈದರೂ ಕಾಯಬೇಕು, ಕಾದರೆ ಸಿಗುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದೂ ಇದನ್ನೇ. ಪ್ರತಿ ಸಲ ಸಿಕ್ಕಿ ಕಲಿತ ಅಭ್ಯಾಸ, ಸಿಗುವುದು ನಿಂತರೆ ಬೇಗ ಬಿಟ್ಟುಹೋಗುತ್ತದೆ. ಯಾವಾಗಲೋ ಒಮ್ಮೆ ಸಿಕ್ಕು ಯಾವಾಗಲೋ ಸಿಗದೆ ಕಲಿತದ್ದು ಬೇಗ ಬಿಡುವುದಿಲ್ಲ. ಹಾಗಾಗಿ ನೀನೊಬ್ಬಳು ಕಟ್ಟುನಿಟ್ಟಾಗಿದ್ದು ಉಪಯೋಗವಿಲ್ಲ. ತಟ್ಟೆಯಿಂದ ಯಾರೂ ಕೊಡಬಾರದು, ಅಷ್ಟೇ. ಕೊಡುವುದು ನಿಂತ ಮೊದಲಲ್ಲಿ ಅವನು ಇನ್ನೂ ಜೋರಾಗಿ ಬೊಗಳುತ್ತಾನೆ, ಕಾಲು ಕೆರೆಯುತ್ತಾನೆ. ಆಗ ಕರಗಿದರೆ ಜೋರಾಗಿ ಬೊಗಳಿದರೆ ಸಿಗುತ್ತದೆ ಅಂತ ಕಲಿಸಿದ ಹಾಗೆ. ಗದರಿಸಬೇಡ, ಮುಖ ನೋಡಬೇಡ. ನಾವು ಎಲೆ ಹಾಕುವ ಮೊದಲೇ ಅವನ ಹೊಟ್ಟೆ ತುಂಬಿಸಿ ಜಗಲಿಯಲ್ಲಿ ಅವನದೇ ಚಾಪೆಯ ಮೇಲೆ ಕೂರಿಸೋಣ. ಸುಮ್ಮನೆ ಕೂತಿದ್ದರೆ ನಡುವೆ ಎದ್ದು ಹೋಗಿ ಅಲ್ಲೇ, ಚಾಪೆಯ ಮೇಲೇ ಒಂದು ಚೂರು ಕೊಡು. ಕೂತಿದ್ದಕ್ಕೆ ಸಿಗುತ್ತದೆ ಅಂತ ಗೊತ್ತಾಗಲಿ.

ಶಿಸ್ತಿಗಿಂತ ನನಗೆ ಹೆಚ್ಚು ಚಿಂತೆ ಇರುವುದು ನಾವು ಪ್ರೀತಿಯಿಂದ ಹಾಕುವ ತುತ್ತಿನ ಬಗ್ಗೆ. ನಮ್ಮ ಬಸ್ಸಾರಿಗೆ, ಬಾಡಿನ ಸಾರಿಗೆ ಈರುಳ್ಳಿ ಬೆಳ್ಳುಳ್ಳಿ ರುಬ್ಬಿ ಹಾಕದೆ ಆಗುವುದಿಲ್ಲ. ಇವೆರಡೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ, ಬೇಯಿಸಿದರೂ ವಿಷ ಹೋಗುವುದಿಲ್ಲ. ಬೆಕ್ಕಿಗಂತೂ ಇನ್ನೂ ಕೆಟ್ಟದ್ದು. ತಿಂದ ದಿನ ಏನೂ ಕಾಣದೆ ಇರಬಹುದು. ಕೆಲವು ದಿನ ಕಳೆದು ಸುಸ್ತಾಗಿ ಮಲಗುತ್ತದೆ, ವಸಡು ಬಿಳಿಚುತ್ತದೆ, ಮೂತ್ರ ಕೆಂಪು-ಕಂದಾಗುತ್ತದೆ. ಹಬ್ಬದ ಪಾಯಸದ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಎಷ್ಟು ತಿಂದರೆ ಅಪಾಯ ಅಂತ ಅಳತೆ ಹೇಳಲು ಬರುವುದಿಲ್ಲ, ಒಂದು ನಾಯಿ ತಡೆದುಕೊಂಡದ್ದನ್ನು ಇನ್ನೊಂದು ತಡೆಯುವುದಿಲ್ಲ. 2021ರಲ್ಲಿ ಅಮೆರಿಕದ ಪಶುವೈದ್ಯ ವಿಷತಜ್ಞರು ಇದರ ಮೂಲ ಟಾರ್ಟಾರಿಕ್ ಆಮ್ಲ ಇರಬಹುದು ಎಂದರು. ಅದು ಹುಣಸೆಹಣ್ಣಿನಲ್ಲೂ ಧಾರಾಳವಾಗಿದೆ. ಹಾಗಾಗಿ ಒಬ್ಬಟ್ಟಿನ ಸಾರು ಅವನಿಗೆ ಬೇಡ. ಚಾಕೊಲೇಟು ಬೇಡ ಅನ್ನುವುದು ನಿನಗೇ ಗೊತ್ತು.

ಹೊಸತೊಡಕಿನ ದಿನ ಮೂಳೆಯದ್ದೇ ಮುಖ್ಯ. "ನಾಯಿಗೆ ಮೂಳೆ ಹಾಕಬಾರದು ಅಂದರೆ ಇನ್ನೇನು ಹಾಕೋದು" ಅಂತ ಚಿಕ್ಕಪ್ಪ ಜಗಳಕ್ಕೇ ಬರುತ್ತಾರೆ. ಬೆಂದ ಮೂಳೆ ಪೆಡಸಾಗಿ, ಕಡಿದರೆ ಚೂಪು ಚೂಪಾಗಿ ಸೀಳುತ್ತದೆ. ಕೋಳಿಯದ್ದು ಇನ್ನೂ ಹೆಚ್ಚು. ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಕರುಳು ಚುಚ್ಚುತ್ತದೆ. ಉಂಡವರು ಎಲೆ ಎತ್ತಿ ತಿಪ್ಪೆಗೆ ಎಸೆಯದ ಹಾಗೆ ಈ ಸಲ ಮುಚ್ಚಳದ ಬಕೆಟ್ ಇಡುತ್ತೇನೆ. ಅವನ ಪಾಲಿಗೆ ನಿನ್ನಮ್ಮ ಮಸಾಲೆ, ಉಪ್ಪು ಹಾಕುವ ಮುಂಚೆಯೇ ನಾಲ್ಕು ತುಂಡು ಬೇಯಿಸಿ ತೆಗೆದಿಡುತ್ತಾಳೆ. ಮೂಳೆ ಬಿಡಿಸಿ, ಸಪ್ಪೆ ಮುದ್ದೆಗೆ ಕಲಸಿ, ತಾತನೇ ಅವನ ಬಟ್ಟಲಿಗೆ ಹಾಕಲಿ. ಕೊಡುವ ಖುಷಿಯನ್ನು ಅವರಿಂದ ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ.

ಮಕ್ಕಳ ವಿಷಯದಲ್ಲಿ ಮಾತ್ರ ನಾನು ರಾಜಿ ಆಗುವುದಿಲ್ಲ. ಗುಂಡ ಉಣ್ಣುವಾಗ ಯಾವ ಮಗುವೂ ಬಟ್ಟಲಿಗೆ ಕೈ ಹಾಕಬಾರದು, ತಬ್ಬಿಕೊಳ್ಳಬಾರದು. ಅವನು ಗುರ್ ಅಂದರೆ ಹೊಡೆಯಬೇಡ. ಅದು "ದೂರ ಹೋಗು" ಅಂತ ಅವನು ಹೇಳುವ ಮಾತು. ಏಟು ತಿಂದು ಗುರ್ ಅನ್ನುವುದನ್ನೇ ಮರೆತ ನಾಯಿ ಸೂಚನೆ ಕೊಡದೆ ಕಚ್ಚಬಹುದು.

ದೊಡ್ಡಮ್ಮನ ಹತ್ತಿರ ಮಾತಾಡಿದ್ದೇನೆ. ಎಂಜಲು ಅಂತ ಅವರು ಹೇಸುವುದು ಅವರು ಬೆಳೆದು ಬಂದ ರೀತಿ, ಅದನ್ನು ತಪ್ಪು ಅನ್ನಬಾರದು. ಅವನು ಜಗಲಿ ದಾಟಿ ಬರದಿದ್ದರೆ ಸಾಕಂತೆ. ಅವನ ಚಾಪೆ, ಬಟ್ಟಲು, ರೇಬಿಸ್ ಲಸಿಕೆಯ ಕಾರ್ಡು ಮರೆಯದೆ ತಾ. ಬೆಳಿಗ್ಗೆ ಬೇಗ ಹೊರಡಿ, ಬಿಸಿಲೇರಿದ ಮೇಲೆ ಕಾರಿನಲ್ಲಿ ಅವನಿಗೆ ಕಷ್ಟವಾಗುತ್ತದೆ.

ನಿನ್ನ
ಅಪ್ಪ