ಟ್ಯಾಂಕಿಗೆ ಪೆಟ್ರೋಲ್ ಹಾಕುವ ಮುನ್ನ ಇದನ್ನು ಓದಿ

ಎಲ್ಲರಿಗೂ ನಮಸ್ಕಾರ. ಈ ವಾರಾಂತ್ಯ ಮೈಕ್ರೋಲೈಟ್ (ಪುಟ್ಟ ಹಗುರ ವಿಮಾನ) ಹಾರಿಸಲು ಬರುವವರು ದಯವಿಟ್ಟು ಪೂರ್ತಿ ಓದಿ.

ಈಗ ಬಂಕ್‌ನಲ್ಲಿ ಸಿಗುವ ಮಾಮೂಲಿ ಪೆಟ್ರೋಲ್ ಇ20. ಅದರಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ನಮ್ಮ ರೋಟ್ಯಾಕ್ಸ್ 912 ಎಂಜಿನ್‌ಗೆ ತಯಾರಕರು ಒಪ್ಪಿರುವುದು ಶೇ. 10 ಮಾತ್ರ. ಕಾರಿಗೆ ಆಗುತ್ತೆ ಅಂದ್ಮೇಲೆ ಇದಕ್ಕೂ ಆಗುತ್ತೆ ಅನ್ನೋ ಲೆಕ್ಕ ಬೇಡ. ಕಾರು ಕೈಕೊಟ್ಟರೆ ರಸ್ತೆ ಪಕ್ಕ ನಿಲ್ಲಿಸಬಹುದು. ಬೆಂಗಳೂರಿನ ಜಕ್ಕೂರು ಏರೋಡ್ರೋಮ್‌ನಂಥ ಕಡೆ ಮೇಲೇಳುತ್ತಲೇ ಎಂಜಿನ್ ನಿಂತರೆ ಸುತ್ತ ಬರೀ ಕಟ್ಟಡಗಳೇ ಅಲ್ವಾ?

ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಎರಡೂ ಸೇರಿ ಪೆಟ್ರೋಲ್‌ನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್‌ಗೆ ಹೋಗುವ ಪೈಪ್ ಶುರುವಾಗುವುದೂ ಅಲ್ಲಿಂದಲೇ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ವಿಮಾನದ ಬಗ್ಗೆ ನನಗೆ ನಿಜಕ್ಕೂ ಭಯ.

ಪರೀಕ್ಷೆ ಸುಲಭ. ಅಳತೆ ಗುರುತಿರುವ ಗಾಜಿನ ಕೊಳವೆಗೆ 10 ಮಿ.ಲೀ. ನೀರು, 90 ಮಿ.ಲೀ. ಪೆಟ್ರೋಲ್ ಹಾಕಿ ಮುಚ್ಚಿ ಚೆನ್ನಾಗಿ ಕುಲುಕಿ. ಸ್ವಲ್ಪ ಹೊತ್ತು ಬಿಡಿ. ತಳದ ನೀರಿನ ಗೆರೆ 10ರಲ್ಲೇ ನಿಂತರೆ ಎಥೆನಾಲ್ ಇಲ್ಲ. 19 ದಾಟಿ ಮೇಲೆ ಹೋಗಿದ್ದರೆ ಎಥೆನಾಲ್ ಶೇ. 10ಕ್ಕಿಂತ ಹೆಚ್ಚಿದೆ, ಆ ಪೆಟ್ರೋಲ್ ಹಾಕಲೇಬೇಡಿ.

ಏವ್‌ಗ್ಯಾಸ್ (ವಿಮಾನಕ್ಕೆಂದೇ ಮಾಡಿದ ಪೆಟ್ರೋಲ್) ಸಿಕ್ಕರೆ ಬಳಸಬಹುದು. ಅದರಲ್ಲಿ ಸೀಸ ಇರುವುದರಿಂದ ಆಯಿಲ್ ಬೇಗ ಬದಲಿಸಬೇಕು.

ಈಗಾಗಲೇ ಇ20 ಹಾಕಿರುವವರು ಹಾರಬೇಡಿ. ಟ್ಯಾಂಕ್ ಖಾಲಿ ಮಾಡಿಸಿ, ರಬ್ಬರ್ ಪೈಪ್‌ಗಳನ್ನು ಮೆಕ್ಯಾನಿಕ್‌ಗೆ ತೋರಿಸಿ. ಯಾರೂ ಬೈಯುವುದಿಲ್ಲ, ಇಲ್ಲೇ ಗುಂಪಿನಲ್ಲಿ ತಿಳಿಸಿ.