ಮಾನ್ಯತೆ ಸಿಕ್ಕ ನಿರಾಶ್ರಿತರಿಗೆ 28 ದಿನ ಸಾಲದು

ಮಾನ್ಯ ಸಂಪಾದಕರೇ,

ಬ್ರಿಟನ್ನಿನಲ್ಲಿ ಆಶ್ರಯ ಕೇಳಿ ಬಂದವರನ್ನು ಹೋಟೆಲಿನಲ್ಲಿಟ್ಟು ಸಾಕುತ್ತಾರೆ ಅನ್ನೋ ದೂರು ಸುದ್ದಿಯಲ್ಲಿ ಆಗಾಗ ಬರುತ್ತದೆ. ಅಲ್ಲಿಂದ ಹೊರಬಿದ್ದ ಮೇಲೆ ಅವರ ಗತಿಯೇನು ಎಂದು ಕೇಳುವವರು ಕಡಿಮೆ. ನಾನು ಇಲ್ಲಿ ಅವರ ಕಾಗದಪತ್ರ ಓದಿ ಹೇಳುವವರ ಜೊತೆ ಕೆಲಸ ಮಾಡುತ್ತೇನೆ, ಅದಕ್ಕೇ ಈ ಪತ್ರ.

1999ರ ವಲಸೆ ಮತ್ತು ಆಶ್ರಯ ಕಾಯ್ದೆಯ ಪ್ರಕಾರ, ಕೈಯಲ್ಲಿ ಕಾಸಿಲ್ಲದವರಿಗೆ ಅರ್ಜಿ ತೀರ್ಮಾನವಾಗುವ ತನಕ ಇರಲು ಜಾಗ, ಖರ್ಚಿಗೆ ಒಂದಿಷ್ಟು ಹಣ ಸಿಗುತ್ತದೆ. ಯಾವ ಊರು, ಯಾವ ಕೋಣೆ ಎಂದು ಅವರು ಆರಿಸುವಂತಿಲ್ಲ. ದುಡಿಯುವಂತೆಯೂ ಇಲ್ಲ. ಒಂದು ವರ್ಷ ಕಾದ ಮೇಲೆ ಅನುಮತಿ ಕೇಳಬಹುದು, ಅದೂ ಕೆಲವೇ ಕೆಲಸಗಳಿಗೆ. ಇನ್ನು ಉಳಿತಾಯ ಎಲ್ಲಿಂದ ಬರಬೇಕು?

ಕೊನೆಗೊಂದು ದಿನ ನಿರಾಶ್ರಿತರೆಂದು ಒಪ್ಪಿಕೊಂಡ ಪತ್ರ ಬರುತ್ತದೆ. ಕಣ್ಣೀರು, ಅಪ್ಪುಗೆ, ಮನೆಯವರಿಗೆ ಫೋನ್. ಅದರ ಬೆನ್ನಿಗೇ ಇನ್ನೊಂದು ಪತ್ರ: ನೆರವು ಇಂಥ ದಿನ ನಿಲ್ಲುತ್ತದೆ, ಕೋಣೆ ಖಾಲಿ ಮಾಡಿ. ಈ ಗಡುವು ಬಹುಕಾಲದಿಂದ 28 ದಿನ.

ಲೆಕ್ಕ ಹಾಕಿ ನೋಡಿ. ಯೂನಿವರ್ಸಲ್ ಕ್ರೆಡಿಟ್ ಎಂಬ ಸರ್ಕಾರಿ ಭತ್ಯೆಗೆ ಅವತ್ತೇ ಅರ್ಜಿ ಹಾಕಿದರೂ ಮೊದಲ ಹಣ ಬರಲು 5 ವಾರ, ಅಂದರೆ 35 ದಿನ. ಮುಂಗಡ ಕೊಡುತ್ತಾರೆ, ಆದರೆ ಅದು ಸಾಲ. ಮನೆ ಮಾಲೀಕರು ಅಡ್ವಾನ್ಸ್ ಕೇಳುತ್ತಾರೆ, ಜಾಮೀನು ಕೇಳುತ್ತಾರೆ, ಸಂಬಳದ ಚೀಟಿ ಕೇಳುತ್ತಾರೆ. ನಿನ್ನೆ ತನಕ ದುಡಿಯಲು ಬಿಡದೆ ಇವತ್ತು ಸಂಬಳದ ಚೀಟಿ ತಾ ಅಂದರೆ ಹೇಗೆ? ಇಂಗ್ಲೆಂಡಿನಲ್ಲಿ 2017ರ ಕಾಯ್ದೆಯೊಂದಿದೆ. 56 ದಿನದೊಳಗೆ ಯಾರಾದರೂ ಮನೆ ಕಳೆದುಕೊಳ್ಳುವಂತಿದ್ದರೆ ಸ್ಥಳೀಯ ಕೌನ್ಸಿಲ್ ನೆರವಾಗಬೇಕು ಎನ್ನುತ್ತದೆ ಅದು. ನಿರಾಶ್ರಿತರ ವಿಷಯದಲ್ಲಿ ಮಾತ್ರ ಕೌನ್ಸಿಲ್‌ಗೂ ಸಿಗುವುದು ಅದರ ಅರ್ಧ ಸಮಯ.

2024ರ ಡಿಸೆಂಬರ್‌ನಲ್ಲಿ ಗಡುವನ್ನು ಪ್ರಯೋಗಕ್ಕೆಂದು 56 ದಿನಕ್ಕೆ ಏರಿಸಿದ್ದರು. 2025ರ ಸೆಪ್ಟೆಂಬರ್‌ನಿಂದ ಒಂಟಿ ವಯಸ್ಕರಲ್ಲಿ ಹೆಚ್ಚಿನವರಿಗೆ ಮತ್ತೆ 28ಕ್ಕೆ ಇಳಿಸಿದರು. ನನಗೆ ತುಂಬಾ ನೋವಾಗಿದ್ದು ಇದೇ. ಮಕ್ಕಳಿರುವ ಕುಟುಂಬಕ್ಕೆ ತಾತ್ಕಾಲಿಕ ಸೂರು ಕೊಡುವ ಹೊಣೆ ಕೌನ್ಸಿಲ್‌ಗಿದೆ. ಆರೋಗ್ಯವಾಗಿರುವ ಒಂಟಿ ಮನುಷ್ಯರಿಗೆ ಸಾಮಾನ್ಯವಾಗಿ ಅದೂ ಇಲ್ಲ. ಅಂಥವರಿಗೇ ದಿನ ಕಡಿಮೆ ಮಾಡಿದ್ದು ಅನ್ಯಾಯ ಅಲ್ವಾ?

56 ದಿನದ ಗಡುವು ಎಲ್ಲರಿಗೂ ಕಾಯಂ ಆಗಬೇಕು. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಇಲ್ಲಿನ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. ನಿಮ್ಮ ಮಕ್ಕಳೋ ನೆಂಟರೋ ಇಲ್ಲಿದ್ದರೆ, ತಮ್ಮ ಕ್ಷೇತ್ರದ ಸಂಸದರಿಗೆ ಇದೊಂದನ್ನು ಕೇಳಿ ಪತ್ರ ಬರೆಯಲು ದಯವಿಟ್ಟು ಹೇಳಿ.

ಇಂತಿ,
ಒಬ್ಬ ಸ್ವಯಂಸೇವಕಿ, ಇಂಗ್ಲೆಂಡ್