ತಲೆ ಮೇಲೆ ಬೆಣ್ಣೆ, ಹೆಗಲ ಮೇಲೆ ಬೂದಿ

ಗೆಳೆಯಾ,

ಈ ಚೆಕ್ ದೇಶದ ಬ್ರ್ನೋ ಊರಲ್ಲಿ ಬರೀ ಇಂಗ್ಲಿಷಿನಲ್ಲೇ ದಿನ ಹೋಗುತ್ತಾ ಅಂತ ಕೇಳಿದ್ದೆಯಲ್ಲ. ಆಫೀಸಿನಲ್ಲಿ ಹೋಗುತ್ತದೆ. ಮನೆ ಓನರ್ ಅಜ್ಜಿಯ ಹತ್ತಿರ ನಡೆಯುವುದಿಲ್ಲ. ಅವರ ಕಾಲದಲ್ಲಿ ಶಾಲೆಯಲ್ಲಿ ರಷ್ಯನ್ ಕಡ್ಡಾಯ. ಇಂಗ್ಲಿಷ್ ಜೋರಾಗಿ ಬಂದದ್ದು 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಬಿದ್ದ ಮೇಲೆ.

ನನ್ನ ಪಕ್ಕದ ಮೇಜಿನವನು ಆಮೇಲೆ ಹುಟ್ಟಿದವನು. ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ. ಆದರೂ ಮೊದಲ ವಾರವೇ ಎಡವಟ್ಟಾಯಿತು. ‘ಫೈಲ್ ಕಳಿಸಿದೆಯಾ?’ ಅಂದೆ. ‘ನೋ, ನೋ’ ಅಂದ. ಸರಿ, ರಾತ್ರಿ ಕೂತು ನಾನೇ ಎಲ್ಲ ಜೋಡಿಸಿ ಕಳಿಸಿದೆ. ಚೆಕ್ ಆಡುಮಾತಿನಲ್ಲಿ ‘ನೋ’ ಅಂದರೆ ನಮ್ಮ ‘ಹೂಂ’ ಮಾರಾಯ!

ಈಗ ಊಟದ ಹೊತ್ತಿಗೆ ಇಂಗ್ಲಿಷ್ ನುಡಿಗಟ್ಟುಗಳನ್ನು ಬರೆದಿಟ್ಟ ನೋಟ್‌ಬುಕ್ ತೆಗೆಯುತ್ತಾನೆ. ಬಣ್ಣಬಣ್ಣದವು ಅವನಿಗೆ ಕಷ್ಟವೇ ಅಲ್ಲ. ಇಂಗ್ಲಿಷಿನವರು ಮಣ್ಣುಗುಪ್ಪೆಯನ್ನು ಬೆಟ್ಟ ಮಾಡಿದರೆ, ಚೆಕ್‌ನವರು ಸೊಳ್ಳೆಯನ್ನು ಒಂಟೆ ಮಾಡುತ್ತಾರೆ. ನಮ್ಮಲ್ಲಿ ಇಲಿ ಹೋಯ್ತು ಅಂದರೆ ಹುಲಿ ಹೋಯ್ತು. ನನಗೆ ಹಿಡಿಸುವಂಥದ್ದಲ್ಲ ಅನ್ನಲು ಇಂಗ್ಲಿಷಿನವರು ‘ಅದು ನನ್ನ ಕಪ್ ಟೀ ಅಲ್ಲ’ ಅನ್ನುವುದನ್ನು ಇವರು ಟೀ ಚೆಲ್ಲಿ ಕಾಫಿ ತುಂಬಿಕೊಂಡಿದ್ದಾರೆ. ಚಿಕ್ಕಮಗಳೂರಿನವನಾದ ನನಗೆ ಇದು ಜಾಸ್ತಿ ಹಿಡಿಸಿತು.

ಒಂದು ದಿನ ಅವನೇ ಕೇಳಿದ: ‘ತಲೆ ಮೇಲೆ ಬೆಣ್ಣೆ ಇರುವವನು ಬಿಸಿಲಿಗೆ ಹೋಗಬಾರದು ಅಂತೀವಿ. ಇಂಗ್ಲಿಷಿನಲ್ಲಿ ಏನು?’ ಗಾಜಿನ ಮನೆಯವರು ಕಲ್ಲೆಸೆಯಬಾರದು ಅಂದೆ. ಅವನಿಗೆ ರುಚಿಸಲಿಲ್ಲ. ನಮ್ಮ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಕಥೆ ಹೇಳಿದೆ. ‘ಹೆಗಲು ಯಾಕೆ?’ ಅಂದ. ಇವರಿಗೆ ಗೊತ್ತಿರುವುದು ಕಿತ್ತಳೆ ಬಣ್ಣದ ಕುಂಬಳ. ಫೋನಿನಲ್ಲಿ ಬೂದುಗುಂಬಳದ ಫೋಟೋ ಹುಡುಕಿ ತೋರಿಸಬೇಕಾಯಿತು. ಆ ಬೂದಿ ಅಂಟುತ್ತದೆ ಅಂದಾಗ ಮೇಜು ತಟ್ಟಿ ನಕ್ಕ.

ಅವನು ಮುಗ್ಗರಿಸುವುದು ಸಣ್ಣ ಸಣ್ಣ ಮಾತುಗಳಲ್ಲಿ. ‘ಅಯಾಮ್ ಅಪ್ ಫಾರ್ ಇಟ್’ ಅಂದರೂ ‘ನಾನು ರೆಡಿ’, ‘ಅಯಾಮ್ ಡೌನ್’ ಅಂದರೂ ‘ನಾನು ರೆಡಿ’. ಲಂಡನ್ನಿನಿಂದ ಬಂದವರೊಬ್ಬರು ಕಾಫಿ ಬೇಡ ಅನ್ನಲು ‘ಅಯಾಮ್ ಗುಡ್’ ಅಂದರು, ಇವನು ಖುಷಿಯಿಂದ ಲೋಟ ತುಂಬಿಸಿಬಿಟ್ಟ. ‘ಪುಟ್ ಆಫ್’ ಅಂದರೆ ಮುಂದೂಡು, ‘ಪುಟ್ ಔಟ್’ ಅಂದರೆ ಬೆಂಕಿ ಆರಿಸು, ‘ಪುಟ್ ಅಪ್ ವಿತ್’ ಅಂದರೆ ಸಹಿಸಿಕೋ. ‘ಇದರಲ್ಲಿ ಇಡುವುದು ಎಲ್ಲಿದೆ?’ ಅಂತ ಅವನ ಗೋಳು.

ಇವರೇನು ಕಮ್ಮಿಯಾ! ಇಂಗ್ಲಿಷಿನವರು ಕ್ರಿಯಾಪದದ ಬಾಲಕ್ಕೆ ಕಟ್ಟುವುದನ್ನು ಚೆಕ್‌ನವರು ತಲೆಗೆ ಕಟ್ಟುತ್ತಾರೆ, ಅಷ್ಟೇ. ‘ಹೋಗು’ ಅನ್ನುವುದರ ಮುಂದೆ ‘ದೊ’ ಸೇರಿಸಿದರೆ ತಲುಪು ಅಂತ ಕಲಿತಿದ್ದೆ. ಓನರ್ ಅಜ್ಜಿ ಒಮ್ಮೆ ‘ದೊಶ್ಲೊ ಮಿ ಮ್ಲೇಕೊ’ ಅಂದರು. ಹಾಲು ಬಂತು ಅಂದುಕೊಂಡು ‘ಒಳ್ಳೆಯದು’ ಅಂತ ತಲೆಯಾಡಿಸಿ ಮೇಲೆ ಬಂದೆ. ಪಾಪ, ಹಾಲು ಮುಗಿಯಿತು ಅಂದಿದ್ದರು. ಮರುದಿನ ಇವನಿಗೆ ಹೇಳಿದಾಗ ‘ದೊಶ್ಲೊ ತಿ ತೊ?’ ಅಂದ. ‘ಹೊಳೀತಾ?’ ಅಂತ ಅರ್ಥ. ಅಲ್ಲೂ ಅದೇ ‘ದೊಶ್ಲೊ’!

ಮುಂದಿನ ತಿಂಗಳು ನನಗೆ ಚೆಕ್ ಪರೀಕ್ಷೆ. ಇಲ್ಲಿ ಕಾಯಂ ಉಳಿಯಲು ಎ2 ಅನ್ನುವ ಆರಂಭಿಕ ಮಟ್ಟ ಪಾಸಾಗಬೇಕು. ಒಳ್ಳೆಯದಾಗಲಿ ಅಂತ ಇಂಗ್ಲಿಷಿನವರು ಬೆರಳು ಹೆಣೆಯುತ್ತಾರೆ, ಇಲ್ಲಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಹಿಡಿಯುತ್ತಾರೆ. ಅವನು ಈಗಲೇ ಹಿಡಿದಿದ್ದಾನೆ. ನೀನೂ ಹಿಡಿದುಕೋ. ಹಾಗೇ ಅಮ್ಮನ ಹತ್ತಿರ ಅಪ್ಪೆಮಿಡಿ ಉಪ್ಪಿನಕಾಯಿ ಇದೆಯಂತೆ, ಬರುವವರ ಕೈಲಿ ಕಳಿಸು.

ನಿನ್ನವ